ಅಂಟು, ಅಂಜಿಕೆ ಮತ್ತು ನಮ್ಮ ಕರ್ತವ್ಯ

ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ ಎಂದು ಕೇಳಿದರೆ ಇಂದು ಶಾಲೆಯ ಹುಡುಗನೂ ಇಲ್ಲವೆಂದು ಹೇಳಿಯಾನು. ಆದರೆ ಆ ಉತ್ತರವನ್ನು ಬಲ್ಲವರ ಮನೆಗಳಲ್ಲಿಯೇ ರೋಗಿಯ ತಾಟು, ತಂಬಿಗೆ, ಹಾಸಿಗೆಗಳು ಬೇರೆಯಾಗುವುದನ್ನು ಕಂಡಿದ್ದೇವೆ. ಕಂಡಿದ್ದೇವೆ ಎನ್ನುವುದೇಕೆ, ನಮ್ಮ ಮನೆಯಲ್ಲಿಯೇ ಅದು ನಡೆಯಿತು. ಸುಮಾರು ನಲವತ್ತು ವರ್ಷಗಳ ಹಿಂದೆ, ಅಕ್ಕಲಕೋಟೆ ಸೀಮೆಯ ನಮ್ಮ ಹಳ್ಳಿಯಲ್ಲಿ ದೊಡ್ಡವ್ವನಿಗೆ ಗರ್ಭಕೊರಳಿನ ಕ್ಯಾನ್ಸರ್ ಆಯಿತು. ಆಕೆಯ ತಾಟು ಹಿತ್ತಿಲಿಗೆ ಹೋಯಿತು. ರೊಟ್ಟಿಯನ್ನು ಮೇಲಿನಿಂದ ಹಾಕುತ್ತಿದ್ದರು. ಮೊಮ್ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಆಗ ಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ನಾವು ಅದು ಅಂಟುರೋಗವಲ್ಲವೆಂದು ಬಲ್ಲೆವು. ಹಿರಿಯರೆದುರು ಬಾಯಿ ತೆರೆಯಲಿಲ್ಲ. ಒಂದು ದಿನ ತಾಟನ್ನು ಒಳಗೆ ತರಹೋದಾಗ ದೊಡ್ಡವ್ವನೇ ತಡೆದಳು: “ಅದು ಹೊರಗೇ ಇರಲಿ ಬಿಡೊ ತಮ್ಮಾ, ಮನ್ಯಾಗ ಸಣ್ಣ ಹುಡುಗರು ಅದಾವ.” ತಾನು ಅಂಟು ಎಂಬುದನ್ನು ಆಕೆಯೂ ನಂಬಿದ್ದಳು. ತಾಟು ಹೊರಗೇ ಉಳಿಯಿತು.

ಶಾಸ್ತ್ರದ ಮಾತು ಸರಳವಾಗಿದೆ. ಇನ್ನೊಬ್ಬರ ಕ್ಯಾನ್ಸರ್ ಜೀವಕೋಶ ನಮ್ಮನ್ನು ಹೊಕ್ಕರೂ ದೇಹದ ರಕ್ಷಣಾವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸಿ ನಾಶಮಾಡುತ್ತದೆ. ಅಂಗಾಂಗ ಕಸಿಯಂತಹ ಸಂದರ್ಭಗಳಲ್ಲಿ ಅತಿ ವಿರಳವಾಗಿ ಇದಕ್ಕೆ ಅಪವಾದ ಕಂಡಿದೆ. ಟಾಸ್ಮೇನಿಯಾ ದ್ವೀಪದ ಡೆವಿಲ್ ಎಂಬ ಪ್ರಾಣಿಗಳಲ್ಲಿ ಕಚ್ಚಾಟದಿಂದ ಮುಖದ ಗೆಡ್ಡೆ ಹರಡುವುದುಂಟು. ನಾವು ಆ ಪ್ರಾಣಿಗಳಲ್ಲ. ಜೊತೆಗೆ ಉಣ್ಣುವುದರಿಂದ, ಮುಟ್ಟುವುದರಿಂದ, ಶುಶ್ರೂಷೆ ಮಾಡುವುದರಿಂದ ಕ್ಯಾನ್ಸರ್ ಬಾರದು.

ಆದರೆ ಕೆಲವು ಸೋಂಕುಗಳು ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತವೆ ಎಂಬುದೂ ಸತ್ಯವೇ. 1911ರಲ್ಲಿ ಅಮೆರಿಕದ ಪೇಟನ್ ರೌಸ್ ಕೋಳಿಯ ಗೆಡ್ಡೆಯ ರಸವನ್ನು ಜೀವಕೋಶಗಳು ಉಳಿಯದಂತೆ ಸೋಸಿ, ಆ ರಸದಿಂದಲೇ ಬೇರೆ ಕೋಳಿಗಳಲ್ಲಿ ಗೆಡ್ಡೆ ಬರಿಸಿ ತೋರಿಸಿದರು. ಲೋಕ ನಂಬಲು ಬಹುಕಾಲ ಹಿಡಿಯಿತು. ನೊಬೆಲ್ ಪಾರಿತೋಷಕ ಬಂದುದು 1966ರಲ್ಲಿ. ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು ಯಕೃತ್ತಿಗೂ, ಹೆಲಿಕೋಬ್ಯಾಕ್ಟರ್ ಎಂಬ ಜೀವಾಣು ಜಠರಕ್ಕೂ ಹೀಗೆಯೇ ಕೇಡು ತರಬಲ್ಲವು. ಗರ್ಭಕೊರಳಿನ ಕ್ಯಾನ್ಸರಿಗೆ ಹ್ಯೂಮನ್ ಪ್ಯಾಪಿಲೋಮಾ ವೈರಾಣು ಕಾರಣವೆಂದು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಸಂದಿತು. ಈ ವೈರಾಣು ದೇಹಸಂಪರ್ಕದಿಂದ ಬರುವಂಥದು. ಬಹುಪಾಲು ದೇಹಗಳು ಒಂದೆರಡು ವರ್ಷಗಳಲ್ಲಿ ಅದನ್ನು ತಾವೇ ಕಳೆದುಕೊಳ್ಳುತ್ತವೆ. ಕೆಲವರಲ್ಲಿ ಮಾತ್ರ ಅದು ನೆಲೆನಿಂತು, ಹದಿನೈದು ಇಪ್ಪತ್ತು ವರ್ಷಗಳ ನಂತರ ರೋಗವಾಗಿ ತಲೆಯೆತ್ತುತ್ತದೆ.

ಇಲ್ಲಿಯೇ ನಮ್ಮ ನೀತಿಗೆ ನಿಜವಾದ ಪರೀಕ್ಷೆ. ತಾಟನ್ನು ಬೇರೆಯಿಡುವ ಅಜ್ಞಾನ ಹೋದರೆ, ಹೆಂಗಸಿನ ನಡತೆಯನ್ನು ತೂಗುವ ಅರೆಜ್ಞಾನ ಬರುತ್ತದೆ. ಎಷ್ಟು ವರ್ಷದ ಹಿಂದೆ, ಯಾರಿಂದ ಬಂತೆಂದು ಯಾವ ವೈದ್ಯನೂ ಹೇಳಲಾರ. ವೈರಾಣುವನ್ನು ಗಂಡಸರೂ ಹೊತ್ತು ತಿರುಗುತ್ತಾರೆ, ಅವರ ನಡತೆಯನ್ನು ಯಾರೂ ತೂಗುವುದಿಲ್ಲ. ಇದಕ್ಕೆ ಉತ್ತರವಾಗಿ, ನಮ್ಮ ದೊಡ್ಡವ್ವ ಪರಮ ಸಾಧ್ವಿಯಾಗಿದ್ದಳು ಎಂದು ವಾದಿಸಬೇಕೆಂದು ಒಮ್ಮೆ ಮನಸ್ಸು ಮಾಡಿದ್ದೆವು. ಯೋಚಿಸಿದಷ್ಟೂ ಆ ವಾದ ಹೇಯವೆನಿಸಿತು. ಸಾಧ್ವಿಯೆಂಬ ಕಾರಣಕ್ಕೆ ಆಕೆಯ ಬಳಿ ಕೂರಬೇಕೆಂದರೆ, ಹಾಗಲ್ಲದವಳಿಗೆ ನೀರು ಕೊಡಬೇಕಿಲ್ಲವೆಂದು ಒಪ್ಪಿದಂತಾಯಿತು. ನೋವು ತಿನ್ನುತ್ತಿರುವವರ ಮಂಚದ ಬಳಿ ಚಾರಿತ್ರ್ಯದ ಪ್ರಮಾಣಪತ್ರಕ್ಕೆ ಏನು ಕೆಲಸ?

ಇನ್ನೊಂದು ಸಂಗತಿಯನ್ನೂ ಯೋಚಿಸಬೇಕು. ಒಂದು ವೇಳೆ ಅದು ಅಂಟುರೋಗವೇ ಆಗಿದ್ದರೆ ನಾವು ಮಾಡಿದ್ದು ಸರಿಯಾಗುತ್ತಿತ್ತೇ? ಕ್ಷಯ ಅಂಟುವ ರೋಗ. ಆದರೂ ಕ್ಷಯವಾದ ಮಗನಿಗೆ ಬಾಯಿಗೆ ಸೆರಗು ಕಟ್ಟಿಕೊಂಡು ಗಂಜಿ ಕುಡಿಸಿದ ತಾಯಂದಿರನ್ನು ನಮ್ಮ ಓಣಿಯಲ್ಲಿಯೇ ನೋಡಿದ್ದೇವೆ. ಅವರಿಗೆ ಅಂಜಿಕೆ ಇರಲಿಲ್ಲವೆಂದಲ್ಲ. ಬಾಗಿಲು ಕಿಟಕಿ ತೆರೆದಿಟ್ಟು, ಪಾತ್ರೆ ತೊಳೆದು, ಮತ್ತೆ ಹತ್ತಿರವೇ ಕೂತರು. ರೋಗ ಅಂಟುತ್ತದೆಯೇ ಎಂಬ ಪ್ರಶ್ನೆಯ ಉತ್ತರ ಹೇಗೆ ಕೂರಬೇಕೆಂಬುದನ್ನು ನಿರ್ಣಯಿಸೀತೇ ಹೊರತು, ಕೂರಬೇಕೋ ಬೇಡವೋ ಎಂಬುದನ್ನಲ್ಲ.

ಅಂಜಿಕೆಗೂ ಅದರ ಸ್ಥಳವಿದೆ. ಅದು ರೋಗ ಬರುವ ಮುಂಚೆ. ಹೆಪಟೈಟಿಸ್ ಬಿ ಲಸಿಕೆಯನ್ನು ಈಗ ಕೂಸು ಹುಟ್ಟಿದೊಡನೆ ಹಾಕುತ್ತಾರೆ. ಗರ್ಭಕೊರಳಿನ ಕ್ಯಾನ್ಸರಿನ ವೈರಾಣುವಿಗೂ ಲಸಿಕೆಯಿದೆ. ಒಂಬತ್ತರಿಂದ ಹದಿನಾಲ್ಕರ ವಯಸ್ಸಿನ ಹುಡುಗಿಯರಿಗೆ ಅದು ಹೆಚ್ಚು ಫಲಕಾರಿ. ಇದನ್ನು ಕೊಡಿಸಲು ನಾಚುವ ತಂದೆಯರನ್ನು ಕಂಡಾಗ ನಮಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದೇಕೆ. ನಮ್ಮ ನೆರೆಯ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತು. ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯೂ ಅದರಲ್ಲಿ ಭಾಗಿ. ಮೂವತ್ತರಿಂದ ಐವತ್ತೊಂಬತ್ತು ವರ್ಷದ 1,31,746 ಮಹಿಳೆಯರು ಅದರಲ್ಲಿದ್ದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವೈರಾಣುವಿಗಾಗಿ ಒಂದೇ ಒಂದು ಸಲ ಪರೀಕ್ಷೆ ಮಾಡಿಸಿಕೊಂಡು ಅಗತ್ಯ ಚಿಕಿತ್ಸೆ ಪಡೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದಿದ್ದವು. ಜೋಳದ ಹೊಲಕ್ಕೆ ಹೋಗುವ, ನಮ್ಮ ಅಕ್ಕತಂಗಿಯರಂತಹ ಹೆಂಗಸರೇ ಸಂಕೋಚ ಬದಿಗಿಟ್ಟು ಮುಂದೆ ಬಂದುದರಿಂದ ಇದು ಲೋಕಕ್ಕೆ ತಿಳಿಯಿತು.

ದೊಡ್ಡವ್ವನಿಗೆ ರಕ್ತಸ್ರಾವ ಆರಂಭವಾಗಿ ವರ್ಷ ಕಳೆದಿತ್ತೆಂದು ನಮಗೆ ಗೊತ್ತಾದುದು ಸೊಲ್ಲಾಪುರದ ವೈದ್ಯರು ಕೇಳಿದಾಗ. ಅಲ್ಲಿಯವರೆಗೆ ಆಕೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೆಂದು ಆಕೆಗೆ ಮೊದಲೇ ಗೊತ್ತಿತ್ತೆಂದು ತೋರುತ್ತದೆ.