ಕಂಡ ತಪ್ಪನ್ನು ಹೇಳತಕ್ಕದ್ದೋ, ಸುಮ್ಮನಿರತಕ್ಕದ್ದೋ?

ನಮ್ಮಲ್ಲಿ ಅನೇಕರ ಮನಸ್ಸನ್ನು ಕುಟುಕುವ ಒಂದು ಪ್ರಶ್ನೆಯುಂಟು. ದೊಡ್ಡವನೊಬ್ಬನು ತಪ್ಪು ಮಾಡುವದನ್ನು ಚಿಕ್ಕವನು ಕಂಡರೆ ಏನು ಮಾಡತಕ್ಕದ್ದು? ಯಜಮಾನನ ಲೆಕ್ಕವು ತಪ್ಪಿದ್ದನ್ನು ಆಳು ಕಂಡನು; ಉಪಾಧ್ಯಾಯನು ತಪ್ಪಾಗಿ ಬರೆದದ್ದನ್ನು ಹುಡುಗನು ಕಂಡನು; ಮಾವನು ಬೆಳೆಗೆ ಹೊಡೆಯುವ ವಿಷವನ್ನು ಅಳತೆ ಮೀರಿ ಬೆರಸುವದನ್ನು ಸೊಸೆಯು ಕಂಡಳು. ಹೇಳಿದರೆ ಮರ್ಯಾದೆ ತಪ್ಪಿತೆಂಬ ಬೈಗಳು, ಹೇಳದಿದ್ದರೆ ಕೇಡು. ಹೆಚ್ಚಿನವರು ಸುಮ್ಮನಿರುತ್ತಾರೆ, ಮತ್ತು ಆ ಮೌನಕ್ಕೆ ವಿನಯವೆಂದು ಹೆಸರಿಡುತ್ತಾರೆ. ಅದು ನಿಜವಾಗಿ ವಿನಯವೋ ಎಂಬದನ್ನು ವಿಚಾರಿಸೋಣ. ಬರಿಯ ಮಾತಿನಿಂದ ವಿಚಾರಿಸದೆ, ದಿನಾಲು ಈ ಪ್ರಶ್ನೆಯನ್ನೇ ಎದುರಿಸತಕ್ಕ ಒಂದು ಉದ್ಯೋಗವನ್ನು ನಮ್ಮ ಮುಂದೆ ಇಟ್ಟುಕೊಳ್ಳೋಣ. ಅದು ಆಸ್ಪತ್ರೆಯ ಕ್ಲಿನಿಕಲ್ ಫಾರ್ಮಸಿಸ್ಟರ ಉದ್ಯೋಗವು.

ಬೆಂಗಳೂರಿನ ಮೂಡಣ ದಿಕ್ಕಿನಲ್ಲಿ ವಿಮಾನಪುರವೆಂಬ ಸ್ಥಳವಿರುವದು. 1940ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದವರ ಸಂಗಡ ಕೂಡಿ ಅಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಅದರಿಂದಲೇ ಆ ಊರಿಗೆ ಈ ಹೆಸರು ಬಂತು. ನಮ್ಮ ದೇಶದವರೇ ರೂಪಿಸಿದ ಎಚ್‌ಟಿ-2 ಎಂಬ ತರಬೇತಿಯ ವಿಮಾನವು 1951ರಲ್ಲಿ ಅಲ್ಲಿಂದ ಮೊದಲು ಹಾರಿತು. ವಿಮಾನದ ಕೆಲಸದಲ್ಲಿ ಲೋಕವೆಲ್ಲಾ ಒಪ್ಪಿದ ಒಂದು ಕ್ರಮವುಂಟು. ಏನಂದರೆ, ವಿಮಾನವನ್ನು ತಿರುಗಿಸುವ ಮುಖ್ಯವಾದ ಭಾಗಗಳನ್ನು ಒಬ್ಬನು ಜೋಡಿಸಿದರೆ ಸಾಲದು. ಜೋಡಿಸದೆ ಇದ್ದ ಮತ್ತೊಬ್ಬನು ಅದನ್ನು ಸ್ವತಂತ್ರವಾಗಿ ಪರೀಕ್ಷಿಸಿ ರುಜು ಹಾಕಬೇಕು. ಜೋಡಿಸಿದವನು ಎಷ್ಟು ನುರಿತವನಾದರೂ ಈ ಕ್ರಮವನ್ನು ಬಿಡುವದಿಲ್ಲ. ಇದರಿಂದ ತನಗೆ ಅವಮಾನವಾಯಿತೆಂದು ಅವನು ಕೋಪಿಸಿಕೊಳ್ಳುವದೂ ಇಲ್ಲ. ಯಾಕಂದರೆ ತನ್ನ ಕೈಕೆಲಸವನ್ನು ನೋಡುವಾಗ ಕಣ್ಣು ತಾನು ಮಾಡಬೇಕೆಂದಿದ್ದದ್ದನ್ನೇ ಕಾಣುವದು, ಮಾಡಿದ್ದನ್ನು ಕಾಣುವದಿಲ್ಲ ಎಂಬದನ್ನು ಅವನು ಬಲ್ಲನು.

ಅದೇ ವಿಮಾನಪುರದಲ್ಲಿ ಕಾರ್ಖಾನೆಯವರ ಆಸ್ಪತ್ರೆಯಿರುವದು. ಅದೇ ದಾರಿಯಲ್ಲಿ 1991ರಲ್ಲಿ ತೆರೆದ ಮಣಿಪಾಲ ಆಸ್ಪತ್ರೆಯೂ ಇರುವದು. ನಮ್ಮ ಗ್ರಾಮಗಳಿಂದಲೂ ಅನೇಕರು ಬೆಂಗಳೂರಿನ ಇಂಥ ದೊಡ್ಡ ಆಸ್ಪತ್ರೆಗಳಿಗೆ ರೋಗಿಗಳನ್ನು ಕರಕೊಂಡು ಹೋಗುತ್ತಾರೆ. ವಿಮಾನಕ್ಕೆ ಎರಡನೆಯ ಕಣ್ಣು ಬೇಕಾದರೆ ಮನುಷ್ಯನ ದೇಹಕ್ಕೆ ಕೊಡುವ ಔಷಧಕ್ಕೆ ಬೇಡವೋ? ಆ ಎರಡನೆಯ ಕಣ್ಣೇ ಕ್ಲಿನಿಕಲ್ ಫಾರ್ಮಸಿಸ್ಟರು.

ಹಿರಿಯರಾದ ವಾಚಕರಿಗೆ ಕಂಪೌಂಡರನ ನೆನಪಿರಬಹುದು. ಅವನು ಕಲ್ಬತ್ತಿನಲ್ಲಿ ಪುಡಿ ಅರೆದು, ನೀರೌಷಧವನ್ನು ಬೆರಸಿ, ಸೀಸೆಯ ಮೇಲೆ ಅಳತೆಯ ಕಾಗದವನ್ನು ಅಂಟಿಸಿ, ಕಿಟಕಿಯಿಂದ ಕೊಡುತ್ತಿದ್ದನು. ಈಗಲಾದರೋ ಗುಳಿಗೆಗಳು ಕಾರ್ಖಾನೆಯಿಂದ ಸಿದ್ಧವಾಗಿ ಬರುತ್ತವೆ. ಬೆರಸುವ ಕೆಲಸವು ಕಡಿಮೆಯಾಯಿತು. ಆದರೆ ಒಬ್ಬ ರೋಗಿಗೆ ಒಂದೇ ದಿನದಲ್ಲಿ ಹತ್ತು ಹನ್ನೆರಡು ಔಷಧಗಳನ್ನು ಕೊಡುವ ಕಾಲ ಬಂದದರಿಂದ, ಅವು ಒಂದಕ್ಕೊಂದು ಹೊಂದುವವೋ ಇಲ್ಲವೋ ಎಂದು ನೋಡುವ ಕೆಲಸವು ಹುಟ್ಟಿತು. 1966ರಲ್ಲಿ ಅಮೇರಿಕದ ಸ್ಯಾನ್ ಫ್ರಾನ್ಸಿಸ್ಕೊ ಪಟ್ಟಣದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟರನ್ನು 9ನೆಯ ಮಹಡಿಯ ವಾರ್ಡಿಗೇ ಕಳುಹಿಸಿ ಈ ಪದ್ಧತಿಯನ್ನು ಪರೀಕ್ಷಿಸಿದರು. ನಮ್ಮ ನಾಡಿನಲ್ಲಿ 1990ರ ದಶಕದ ಎರಡನೆಯ ಅರ್ಧದಲ್ಲಿ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜಿನವರು ಈ ವಿದ್ಯೆಯನ್ನು ಕಲಿಸತೊಡಗಿದರು. 2008ರಲ್ಲಿ ಫಾರ್ಮ್.ಡಿ. ಎಂಬ ಪದವಿಯು ದೇಶದಲ್ಲೆಲ್ಲಾ ಆರಂಭವಾಯಿತು. ಅದಕ್ಕೆ 5 ವರುಷ ಓದು, ಮೇಲೆ 1 ವರುಷ ಆಸ್ಪತ್ರೆಯಲ್ಲಿ ಅಭ್ಯಾಸ, ಒಟ್ಟು 6 ವರುಷ.

ಇವರ ದಿನವು ಹೀಗೆ ಸಾಗುವದು. ಬೆಳಿಗ್ಗೆ ವೈದ್ಯರ ಸಂಗಡ ಮಂಚದಿಂದ ಮಂಚಕ್ಕೆ ಹೋಗಿ, ಪ್ರತಿ ರೋಗಿಯ ಔಷಧದ ಪಟ್ಟಿಯನ್ನೂ ರಕ್ತಪರೀಕ್ಷೆಯ ಕಾಗದವನ್ನೂ ಒಟ್ಟಿಗೆ ಇಟ್ಟು ಓದುತ್ತಾರೆ. ಹೃದಯದ ರೋಗಿಯೊಬ್ಬನು ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಎಂಬ ಗುಳಿಗೆಯನ್ನು ತಿನ್ನುತ್ತಿರುವನು. ಅವನಿಗೆ ಹೊಟ್ಟೆ ಕೆಟ್ಟದರಿಂದ ಮತ್ತೊಬ್ಬ ವೈದ್ಯರು ಮೆಟ್ರೊನಿಡಜೋಲ್ ಬರೆದರು. ಎರಡೂ ಒಳ್ಳೆಯ ಔಷಧಗಳೇ. ಆದರೆ ಎರಡನೆಯದು ಮೊದಲನೆಯದರ ಬಲವನ್ನು ಹೆಚ್ಚಿಸುವದರಿಂದ ದೇಹದೊಳಗೆ ರಕ್ತಸ್ರಾವವಾಗಬಹುದು. ಇನ್ನೊಬ್ಬನಿಗೆ ಜೆಂಟಮೈಸಿನ್ ಸೂಜಿಮದ್ದು ಬರೆದದೆ. ಮೂತ್ರಪಿಂಡವು ಸೊರಗಿದವನಿಗೆ ಅದನ್ನು ಸಾಧಾರಣ ಅಳತೆಯಲ್ಲಿ ಕೊಟ್ಟರೆ ಮೂತ್ರಪಿಂಡವು ಮತ್ತಷ್ಟು ಕೆಡುವದು, ಕಿವಿಯೂ ಕೇಳದೆ ಹೋಗಬಹುದು. ಮೂರನೆಯವಳು ಕೀಲುಬೇನೆಯ ಮುದುಕಿ. ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ಈ ಬೇನೆಗೆ ವಾರಕ್ಕೆ ಒಂದೇ ದಿನ ತಿನ್ನತಕ್ಕದ್ದು. ಚೀಟಿಯಲ್ಲಿ ತಪ್ಪಿ ದಿನಕ್ಕೊಂದೆಂದು ಬಿದ್ದರೆ, ಬಾಯಿ ಹುಣ್ಣಾಗಿ, ರಕ್ತದ ಕಣಗಳು ಕುಗ್ಗಿ, ಅವಳು ಸಾಯಲೂ ಬಹುದು. ನೋಡಿರಿ, ಒಂದು ಮಾತಿನ ವ್ಯತ್ಯಾಸವು ಒಂದು ಜೀವ!

ಆದರೆ ತಪ್ಪನ್ನು ಕಂಡ ಫಾರ್ಮಸಿಸ್ಟರು ಆ ಚೀಟಿಯನ್ನು ತಾವಾಗಿ ತಿದ್ದಕೂಡದು. ಆ ಅಧಿಕಾರವು ವೈದ್ಯರದು. ಇವರಿಗಿರುವದು ಬಾಯಿ ಮಾತ್ರವೇ. ವೈದ್ಯರಿಗೆ ಇಪ್ಪತ್ತು ವರುಷದ ಅನುಭವ, ದೊಡ್ಡ ಹೆಸರು. ಹಿಂದೆ ಶಿಷ್ಯರು ನಿಂತಿರುತ್ತಾರೆ. ಇವಳಾದರೋ ಇಪ್ಪತ್ತೈದು ವರುಷದ ಹುಡುಗಿಯಾಗಿರಬಹುದು. ಆ ಗಳಿಗೆಯಲ್ಲಿ ಮನಸ್ಸು ಮೂರು ನೆವಗಳನ್ನು ಹೇಳಿಕೊಡುವದು. ಅವು ನಮಗೂ ಪರಿಚಿತವಾದವುಗಳೇ.

ಮೊದಲನೆಯ ನೆವವು: “ರುಜು ಹಾಕಿದವರು ಅವರು, ಜವಾಬ್ದಾರಿಯೂ ಅವರದೇ” ಎಂಬದು. ಇದು ಅರ್ಧ ಸತ್ಯ. ಕಾಣದವನ ಮೇಲೆ ಭಾರವಿಲ್ಲ. ಆದರೆ ಕಂಡ ಮೇಲೆ ಭಾರವು ಕಂಡವನ ಹೆಗಲಿಗೂ ಬಂತು. ಬಾವಿಯ ಕಟ್ಟೆಯು ಒಡೆದದ್ದನ್ನು ಕಂಡು ಹಾದುಹೋದವನು, ಕಟ್ಟಿದವನು ನಾನಲ್ಲವೆಂದರೆ, ರಾತ್ರಿ ಅದರಲ್ಲಿ ಬಿದ್ದ ಮಗುವಿನ ತಾಯಿಯು ಒಪ್ಪುವಳೋ?

ಎರಡನೆಯ ನೆವವು: “ಒಂದು ವೇಳೆ ನಾನೇ ತಪ್ಪಿದ್ದರೆ?” ಎಂಬದು. ಈ ಭಯದಲ್ಲಿ ಒಳ್ಳೆಯದೂ ಉಂಟು, ಯಾಕಂದರೆ ಅದು ಮನುಷ್ಯನನ್ನು ಪುನಃ ಪುಸ್ತಕಕ್ಕೆ ಕಳುಹಿಸುವದು. ಆದರೆ ಎರಡು ಪಕ್ಷವನ್ನೂ ತೂಗಿ ನೋಡಿರಿ. ಹೇಳಿ ತಪ್ಪಿದರೆ ನನಗೆ ಅರ್ಧ ಗಳಿಗೆಯ ನಾಚಿಕೆ. ಹೇಳದೆ ತಪ್ಪಿದರೆ ಮತ್ತೊಬ್ಬನಿಗೆ ಮರಣ. ನನ್ನ ನಾಚಿಕೆಯನ್ನು ಉಳಿಸಿಕೊಳ್ಳುವದಕ್ಕೆ ಮತ್ತೊಬ್ಬನ ಪ್ರಾಣವನ್ನು ಬೆಲೆಯಾಗಿ ಕೊಡುವದು ವಿನಯವಲ್ಲ, ಸ್ವಪ್ರೀತಿಯೇ.

ಮೂರನೆಯ ನೆವವು: “ಹೇಳಿದರೂ ಕೇಳುವವರಾರು?” ಎಂಬದು. ಇದಕ್ಕೆ ಉತ್ತರವಾಗಿ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಅಮೇರಿಕದ ಬಾಸ್ಟನ್ ಪಟ್ಟಣದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕಠಿಣರೋಗಿಗಳ ವಾರ್ಡಿನ ವೈದ್ಯರ ಸಂಗಡ ಒಬ್ಬ ಫಾರ್ಮಸಿಸ್ಟರನ್ನು ದಿನಾಲು ಸುತ್ತಿಗೆ ಕಳುಹಿಸಿ ಪರೀಕ್ಷಿಸಿದರು. 1999ರಲ್ಲಿ ಅದರ ಫಲವು ಪ್ರಕಟವಾಯಿತು. ಔಷಧ ಬರೆಯುವದರಲ್ಲಿ ಆದ ತಪ್ಪಿನಿಂದ ಬಂದ, ತಡೆಯಬಹುದಾಗಿದ್ದ ಕೇಡುಗಳು ಮೊದಲು 1000 ರೋಗಿದಿನಗಳಿಗೆ 10.4 ಇದ್ದವುಗಳು 3.5ಕ್ಕೆ ಇಳಿದವು. ಆ ಫಾರ್ಮಸಿಸ್ಟರು ಕೊಟ್ಟ ಸಲಹೆಗಳು 366. ಅವುಗಳಲ್ಲಿ 362ನ್ನು ವೈದ್ಯರು ಒಪ್ಪಿಕೊಂಡರು. ಕೇಳುವವರಿಲ್ಲವೆಂದು ನಾವು ಹೇಳುವದು ಬಹಳ ಸಾರಿ ಹೇಳಿ ನೋಡುವದಕ್ಕಿಂತ ಮೊದಲೇ.

ಹಾಗಾದರೆ ಕಂಡದ್ದನ್ನೆಲ್ಲಾ ಕೂಗಿ ಹೇಳತಕ್ಕದ್ದೋ? ಅದೂ ಅಲ್ಲ. ಹೇಳುವದಕ್ಕೂ ಒಂದು ಧರ್ಮವುಂಟು. ನುರಿತ ಫಾರ್ಮಸಿಸ್ಟರು ರೋಗಿಯ ಮುಂದೆಯೂ ಶಿಷ್ಯರ ಮುಂದೆಯೂ ವೈದ್ಯರ ಮುಖವನ್ನು ಕೆಡಿಸುವದಿಲ್ಲ, ಪಕ್ಕಕ್ಕೆ ಸರಿದು, ರಕ್ತಪರೀಕ್ಷೆಯ ಅಂಕೆಯನ್ನು ತೋರಿಸಿ, “ಇದಕ್ಕೆ ಬದಲಾಗಿ ಇಂಥದನ್ನು ಇಷ್ಟು ಕೊಡಬಹುದಲ್ಲವೇ ಸಾರ್?” ಎಂದು ದಾರಿಯನ್ನೂ ಸೂಚಿಸುತ್ತಾರೆ. ಹೀಗೆ ದೋಷದ ಸಂಗಡ ಪರಿಹಾರವನ್ನೂ ತರುವವನ ಮಾತನ್ನು ಯಾರೂ ದ್ವೇಷಿಸರು. ಇದಲ್ಲದೆ ಅಲ್ಪವಾದದ್ದನ್ನೂ ಘೋರವಾದದ್ದನ್ನೂ ಒಂದೇ ಸ್ವರದಲ್ಲಿ ಹೇಳುವದಿಲ್ಲ. ಯಾಕಂದರೆ ಎಲೆ ಅಲುಗಿದರೂ ಬೊಗಳುವ ನಾಯಿಯು ಕಳ್ಳ ಬಂದಾಗ ಬೊಗಳಿದರೆ ಮನೆಯವರು ಏಳರು. ಆದರೆ ವಿಷಯವು ಪ್ರಾಣಕ್ಕೆ ಸಂಬಂಧಪಟ್ಟದ್ದಾದರೆ, ಮೊದಲನೆಯ ಸಾರಿ ಅಲ್ಲವೆಂದರೂ ಎರಡನೆಯ ಸಾರಿ ಹೇಳತಕ್ಕದ್ದು; ಆಗಲೂ ಆಗದಿದ್ದರೆ ಮೇಲಿನವರ ಬಳಿಗೆ ಹೋಗತಕ್ಕದ್ದು.

ಇನ್ನೂ ಕಠಿಣವಾದ ಪರೀಕ್ಷೆಯೊಂದಿರುವದು. ಪರರ ತಪ್ಪನ್ನು ನೋಡುವ ಕಣ್ಣು ಒಂದು ದಿನ ತನ್ನ ತಪ್ಪನ್ನೇ ಕಾಣುವದು. ಮಗುವಿನ ತೂಕಕ್ಕೆ ತಕ್ಕ ಔಷಧವನ್ನು ಎಣಿಸುವಾಗ ದಶಮಾಂಶದ ಬಿಂದುವು ಒಂದು ಸ್ಥಾನ ಸರಿದರೆ ಹತ್ತರಷ್ಟು ಔಷಧವಾಗುವದು. ಆದಕಾರಣವೇ .5 ಎಂದು ಬರೆಯದೆ 0.5 ಎಂದು ಬರೆಯಬೇಕು, 5.0 ಎಂದು ಬರೆಯದೆ 5 ಎಂದೇ ಬರೆಯಬೇಕು ಎಂಬ ಕಟ್ಟಳೆಯುಂಟು. ಹೀಗಿದ್ದರೂ ಫಾರ್ಮಸಿಸ್ಟನು ತಾನೇ ತಪ್ಪಿದನೆಂದು ಎಣಿಸೋಣ. ದಾದಿಯು ಸಂಶಯಪಟ್ಟು ಕೇಳಿದ್ದರಿಂದ ಔಷಧವು ಮಗುವಿಗೆ ಮುಟ್ಟಲಿಲ್ಲ. ಯಾರೂ ಅರಿಯರು, ಕಾಗದವನ್ನು ಹರಿದುಬಿಟ್ಟರೆ ತೀರಿತು. ಆದರೂ ಅದನ್ನು ಬರೆದು ಒಪ್ಪಿಸುವವನೇ ಈ ಕೆಲಸಕ್ಕೆ ಯೋಗ್ಯನು. ಕೇಡಾಗದೆ ತಪ್ಪಿಹೋದ ಇಂಥ ಸಂಗತಿಗಳನ್ನು ಒಳ್ಳೆಯ ಆಸ್ಪತ್ರೆಗಳಲ್ಲಿ ದಂಡನೆಗಾಗಿ ಅಲ್ಲ, ಕಲಿಯುವದಕ್ಕಾಗಿ ಕೂಡಿಸಿಡುತ್ತಾರೆ. ತನ್ನ ಲೆಕ್ಕವನ್ನು ಮತ್ತೊಬ್ಬನಿಗೆ ತೋರಿಸಲೊಲ್ಲದವನಿಗೆ ಮತ್ತೊಬ್ಬನ ಲೆಕ್ಕವನ್ನು ನೋಡುವ ಹಕ್ಕು ಎಲ್ಲಿಂದ ಬಂತು? ವಿನಯವೆಂಬದು ಇಲ್ಲಿರುವದು, ಮೌನದಲ್ಲಿ ಅಲ್ಲ.

ಈ ಉದ್ಯೋಗದಲ್ಲಿ ದುಃಖವೂ ಉಂಟು. ಶಸ್ತ್ರವೈದ್ಯರು ಗಡ್ಡೆಯನ್ನು ತೆಗೆದರೆ ಮನೆಯವರು ಕಾಲಿಗೆ ಬೀಳುತ್ತಾರೆ. ಫಾರ್ಮಸಿಸ್ಟರು ತಡೆದ ರಕ್ತಸ್ರಾವವು ನಡೆಯಲೇ ಇಲ್ಲವಲ್ಲಾ. ನಡೆಯದೆ ಹೋದದ್ದನ್ನು ಯಾರು ಕಂಡಾರು? ಆ ಮುದುಕಿಯು ತಾನು ಉಳಿದದ್ದನ್ನು ಅರಿಯದೆ ಬುತ್ತಿಯ ಗಂಟು ಹಿಡಿದು ಬಸ್ಸು ಹತ್ತುವಳು. ಕಾಣದ ಫಲಕ್ಕೆ ಸಂಬಳ ಕೊಡುವದು ಹೇಗೆಂದು ಅನೇಕ ಆಸ್ಪತ್ರೆಗಳವರು ಯೋಚಿಸುವದರಿಂದ, 6 ವರುಷ ಓದಿದವರಲ್ಲಿ ಕೆಲವರು ಔಷಧ ಮಾರುವ ಕಟಕಟೆಯ ಹಿಂದೆ ಕೂತುಕೊಳ್ಳುತ್ತಾರೆ. ಕೆಲವರು ಕಂಪನಿಗಳ ಕಚೇರಿ ಸೇರುತ್ತಾರೆ. ಕೆಲವರು ಸಮುದ್ರ ದಾಟುತ್ತಾರೆ. ಅವರನ್ನು ದೂರಲಾರೆವು, ಮನೆಯ ಒಲೆಯು ಉರಿಯಬೇಕಷ್ಟೆ. ಆದರೂ ಹೊಗಳಿಕೆ ಬಂದರೆ ಮಾತ್ರ ಮಾಡುವ ಒಳ್ಳೆಯತನವು ಹೊಗಳಿಕೆ ನಿಂತ ದಿನ ತಾನೂ ನಿಲ್ಲುವದು. ಕಾಣದೆ ಮಾಡಿದ್ದು ಮಾತ್ರ ನಿಲ್ಲುವದಿಲ್ಲ, ಯಾಕಂದರೆ ಅದು ರೋಗಿಯ ಮುಖವನ್ನು ನೋಡಿ ಮಾಡಿದ್ದು.

ಪ್ರಿಯರೇ, ಈಗ ಮಂಚದ ಮೇಲೆ ಮಲಗುವ ನಮ್ಮ ಕಡೆಗೆ ತಿರುಗೋಣ. ಕಿರಿಯ ಫಾರ್ಮಸಿಸ್ಟಳು ದೊಡ್ಡ ವೈದ್ಯರ ಮುಂದೆ ಸುಮ್ಮನಿದ್ದರೆ ತಪ್ಪೆಂದು ಒಪ್ಪಿದೆವಲ್ಲಾ. ನಾವು ಏನು ಮಾಡುತ್ತೇವೆ? “ತಿಳಿಯಿತೋ?” ಎಂದು ಕೇಳಿದರೆ ತಿಳಿಯದಿದ್ದರೂ “ಹೂಂ ಸ್ವಾಮೀ” ಎನ್ನುತ್ತೇವೆ. ಹಿಂದೆ ಪೆನಿಸಿಲಿನ್ ಕೊಟ್ಟಾಗ ಮೈಯೆಲ್ಲಾ ದದ್ದು ಎದ್ದು ಉಸಿರು ಕಟ್ಟಿದ್ದನ್ನು ಹೇಳದೆ ಬಿಡುತ್ತೇವೆ. ಅಮಾಕ್ಸಿಸಿಲಿನ್ ಎಂಬದೂ ಅದೇ ಕುಲದ್ದೆಂದು ನಮಗೇನು ಗೊತ್ತು? ನಾಟಿಮದ್ದು ತಿಂದದ್ದನ್ನು ಬೈದಾರೆಂದು ಬಚ್ಚಿಡುತ್ತೇವೆ. ಇದೂ ಅದೇ ಮೌನ, ಅದೇ ಸುಳ್ಳು ವಿನಯ. ಎರಡನೆಯ ಕಣ್ಣು ಎಷ್ಟು ಚುರುಕಾದರೂ ನಾವು ಮುಚ್ಚಿದ್ದನ್ನು ಅದು ನೋಡಲಾರದು.

ಆದಕಾರಣ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿ ತಿನ್ನುವ ಗುಳಿಗೆಗಳನ್ನೆಲ್ಲಾ ಚೀಟಿಗಳ ಸಹಿತವಾಗಿ ಒಂದು ಚೀಲದಲ್ಲಿ ಕೊಂಡುಹೋಗಿರಿ. ನಾಟಿಮದ್ದಿನ ಹೆಸರನ್ನೂ ಹೇಳಿರಿ. ಮನೆಗೆ ಹೊರಡುವ ದಿನ ಯಾವ ಗುಳಿಗೆಯು ಯಾವ ಹೊತ್ತಿಗೆ, ಎಷ್ಟು ದಿನಕ್ಕೆ ಎಂಬದನ್ನು ನಿಮ್ಮ ಬಾಯಿಂದಲೇ ತಿರುಗಿ ಒಪ್ಪಿಸಿರಿ. ಒಳ್ಳೆಯ ಫಾರ್ಮಸಿಸ್ಟರು ಹಾಗೆ ಕೇಳಿ ಪರೀಕ್ಷಿಸುತ್ತಾರೆ, ಕೇಳದಿದ್ದರೆ ನೀವೇ ಹೇಳಿರಿ. ಔಷಧದಿಂದ ಕೇಡಾದರೆ ಹಣೆಬರಹವೆಂದು ಸುಮ್ಮನಿರಬೇಡಿರಿ. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗರೂಕತೆಯ ಕಾರ್ಯಕ್ರಮದವರಿಗೆ ಅದನ್ನು ತಿಳಿಸಬಹುದು. ಅವರ ಬಿಟ್ಟಿ ಕರೆಯ ಸಂಖ್ಯೆಯು 1800-180-3024. ನಿಮ್ಮ ಒಂದು ಮಾತು ನೀವು ಕಾಣದ ಊರಿನ ಮತ್ತೊಬ್ಬನನ್ನು ಉಳಿಸೀತು.

ಕಡೆಯದಾಗಿ ಮೊದಲಿನ ಪ್ರಶ್ನೆಗೆ ಉತ್ತರ. ಕಂಡ ತಪ್ಪನ್ನು ಹೇಳತಕ್ಕದ್ದು. ಪ್ರೀತಿಯಿಂದಲೂ ಆಧಾರದಿಂದಲೂ ಮರ್ಯಾದೆಯಿಂದಲೂ ಹೇಳತಕ್ಕದ್ದು. ಹಾಗೆಯೇ ಯಜಮಾನರೂ ಮಾವಂದಿರೂ ಉಪಾಧ್ಯಾಯರೂ ಸಭೆಯಲ್ಲಿ ಬೋಧಿಸುವ ನಮ್ಮಂಥವರೂ ಚಿಕ್ಕವರು ಬಂದು ಹೇಳಿದಾಗ ಬಾಯಿ ಮುಚ್ಚಿಸದೆ ಕಿವಿಗೊಡತಕ್ಕದ್ದು. ಈ ಸಾಯಂಕಾಲ ನಿಮ್ಮ ಸೊಸೆಯೋ ಆಳೋ ಮಗನೋ ಹಿಂಜರಿಯುತ್ತಾ, “ಒಂದು ಮಾತು ಹೇಳಲೇ?” ಎಂದು ಕೇಳಿದರೆ, ಕೈಯಲ್ಲಿದ್ದ ಕೆಲಸವನ್ನು ಕೆಳಗಿಟ್ಟು, “ಹೇಳು” ಎನ್ನಿರಿ.