ಗೋದಲಿಯ ಪಕ್ಕದ ಇಟ್ಟಿಗೆ

2023ರ ಡಿಸೆಂಬರಿನಲ್ಲಿ ಬೆತ್ಲೆಹೆಮಿನ ಲೂಥರನ್ ಚರ್ಚಿನಲ್ಲಿ ಗೋದಲಿಯ ಜಾಗದಲ್ಲಿ ಒಡೆದ ಕಲ್ಲು, ಕಾಂಕ್ರೀಟಿನ ರಾಶಿಯಿತ್ತು. ಬಾಲಯೇಸುವನ್ನು ಪ್ಯಾಲೆಸ್ತೀನಿಯರ ಕಫಿಯಾದಲ್ಲಿ ಸುತ್ತಿ ಅದರ ನಡುವೆ ಮಲಗಿಸಿದ್ದರು. ಗಾಝಾದಲ್ಲಿ ಮಕ್ಕಳು ಸಾಯುತ್ತಿರುವಾಗ ಸಂಭ್ರಮ ಬೇಡವೆಂದು ಅಲ್ಲಿನ ಚರ್ಚುಗಳ ಹಿರಿಯರು ಹೇಳಿದ್ದರು. ಆ ವರ್ಷವೂ 2024ರಲ್ಲೂ ಊರ ಚೌಕದಲ್ಲಿ ಕ್ರಿಸ್ಮಸ್ ಮರ ಏಳಲಿಲ್ಲ. ಪ್ರಾರ್ಥನೆ ಮಾತ್ರ ನಡೆಯಿತು.

ಅದೇ ದಿನಗಳಲ್ಲಿ ಕರಾವಳಿಯ ನಮ್ಮ ಮನೆಗಳಲ್ಲಿ ನಾವು ಕುಸ್ವಾರ್ ಕರಿಯುತ್ತಿದ್ದೆವು, ನಕ್ಷತ್ರ ತೂಗುಹಾಕುತ್ತಿದ್ದೆವು. ಯೇಸು ಹುಟ್ಟಿದ ಊರೇ ಕತ್ತಲಲ್ಲಿರುವಾಗ ನಾವು ನಗಬಹುದೆ? ತಟ್ಟೆ ಹಂಚುತ್ತಲೇ ಕೇಳಿಕೊಂಡೆವು. ನಿಜ ಹೇಳಬೇಕೆಂದರೆ, ಹಂಚುವುದನ್ನು ನಿಲ್ಲಿಸಲಿಲ್ಲ.

ಹಬ್ಬದ ಸಂತೋಷವನ್ನು ಶಂಕಿಸಿದವರು ನಮ್ಮಲ್ಲಿ ಹಿಂದೆಯೂ ಇದ್ದರು. ಮ್ಯಾಸಚೂಸೆಟ್ಸಿನ ಪ್ಯೂರಿಟನ್ನರು 1659ರಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ 5 ಶಿಲ್ಲಿಂಗ್ ದಂಡ ವಿಧಿಸಿದರು. 1681ರಲ್ಲಿ ಆ ಕಾನೂನು ರದ್ದಾಯಿತು. ಸುವಾರ್ತೆಗಳಲ್ಲಿ ಈ ತಾರೀಖಿಲ್ಲ ಎಂಬ ಅವರ ವಾದ ಸರಿಯೇ. ತಾರೀಖಿಲ್ಲದಿದ್ದರೂ ಸಂತೋಷವಿದೆಯಲ್ಲ! ಲೂಕನ ಪ್ರಕಾರ ಅದು ಮೊದಲು ತಲುಪಿದ್ದು ರಾತ್ರಿ ಮಂದೆ ಕಾಯುತ್ತಿದ್ದ ಕುರುಬರಿಗೆ. ಮತ್ತಾಯನು ಅದೇ ಊರಿನಲ್ಲಿ ಹೆರೋದನು ಮಾಡಿಸಿದ ಶಿಶುಹತ್ಯೆಯನ್ನೂ ಹೇಳುತ್ತಾನೆ. ಹೀಗೆ ನಮ್ಮ ಹಬ್ಬದ ಕತೆಯಲ್ಲೇ ಆನಂದವೂ ತಾಯಂದಿರ ಗೋಳೂ ಒಂದೇ ಊರಿನವು. ಆ ಮಕ್ಕಳ ನೆನಪಿಗೆಂದು ಚರ್ಚು ಡಿಸೆಂಬರ್ 28ನ್ನು ಮೀಸಲಿಟ್ಟಿದೆ. ಅಂದು ಮನೆಯಲ್ಲಿ ಕೇಕು ಇನ್ನೂ ಉಳಿದಿರುತ್ತದೆ, ಆ ಮಕ್ಕಳ ನೆನಪು ಮಾತ್ರ ನಮಗಿರುವುದಿಲ್ಲ.

ಹಾಗಾದರೆ ಸಂಭ್ರಮ ನಿಲ್ಲಿಸಿದರೆ ಸಾಕೆ? ಬೆತ್ಲೆಹೆಮಿನಲ್ಲಿ ಆಲಿವ್ ಮರದಲ್ಲಿ ಗೋದಲಿ ಕೆತ್ತುವವರಿಗೆ, ಹೋಟೆಲುಗಳ ಕೆಲಸಗಾರರಿಗೆ ಯಾತ್ರಿಕರೇ ಅನ್ನ. ಯುದ್ಧ ಯಾತ್ರಿಕರನ್ನು ತಡೆದಾಗ ಅವರ ಒಲೆಯೂ ತಣ್ಣಗಾಯಿತು. 2025ರ ಡಿಸೆಂಬರಿನಲ್ಲಿ ಚೌಕದ ಮರಕ್ಕೆ ಮತ್ತೆ ದೀಪ ಹಚ್ಚಿದರು. ಗಾಝಾದ ಗಾಯ ಮಾಯ್ದಿತ್ತೆಂದಲ್ಲ. ಎರಡು ವರ್ಷ ದೀಪ ಆರಿಸಿದವರೇ ಮತ್ತೆ ಹಚ್ಚಿದರು. ಎರಡಕ್ಕೂ ಅವರು ಬೆಲೆ ತೆತ್ತಿದ್ದರು. ಬೆಲೆ ತೆರದ ನಾವು ಒಂದು ನಕ್ಷತ್ರದ ಬಲ್ಬು ಆರಿಸಿ ದುಃಖಿತರೆನಿಸಿಕೊಳ್ಳುವುದು ತೀರಾ ಅಗ್ಗದ ಕೆಲಸವೆಂದು ನಮಗೆ ತೋರುತ್ತದೆ. ಏನೂ ಆಗಿಲ್ಲವೆಂಬಂತೆ ಪಟಾಕಿ ಸುಡುವುದೂ ಅಷ್ಟೇ ಅಗ್ಗ.

ಆದ್ದರಿಂದ ಕುಸ್ವಾರ್ ನಿಂತಿಲ್ಲ. ಪಕ್ಕದ ಮನೆಗಳಿಗೂ ಹೋಗುತ್ತದೆ. ಕಳೆದ ಹಬ್ಬಕ್ಕೆ ಗೋದಲಿಯ ಹುಲ್ಲಿನ ಪಕ್ಕ ಎರಡು ಒಡೆದ ಇಟ್ಟಿಗೆ ಇಟ್ಟೆವು. ಏಕೆಂದು ಮಕ್ಕಳು ಕೇಳಿದರು. ಹೇಳಬೇಕಾಯಿತು.