ಮಸಿಯ ವ್ರತ

ಆರಾಧ್ಯದೈವವೊಂದನ್ನು ಮುಂದಿರಿಸಿಕೊಳ್ಳದೆ, ಸ್ವರ್ಗವನ್ನಾಗಲಿ ಸಂಪತ್ತನ್ನಾಗಲಿ ಬೇಡದೆ, ಹತ್ತಾರು ಜನ ಒಟ್ಟುಗೂಡಿ ಒಂದು ತಿಂಗಳ ಮಟ್ಟಿಗೆ ಕೈಕೊಂಡ ನಿಯಮವನ್ನು ವ್ರತವೆಂದು ಕರೆಯಬಹುದೆ ಎಂಬ ಜಿಜ್ಞಾಸೆ ಕಳೆದ ಅಕ್ಟೋಬರಿನಿಂದ ನನ್ನ ಮನಸ್ಸನ್ನು ಬಿಟ್ಟಿಲ್ಲ. ನಿಯಮವೇನೋ ಸರಳವಾದುದು. ದಿನಕ್ಕೊಂದು ಚಿತ್ರ; ಅದನ್ನು ಮಸಿಯಲ್ಲಿಯೇ ಬರೆಯತಕ್ಕದ್ದು; ತಿಂಗಳು ಮುಗಿಯುವ ತನಕ ಬಿಡತಕ್ಕದ್ದಲ್ಲ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ ಮಸಿಗೆಲಸದಲ್ಲಿ ತನ್ನ ಕೈ ಪಳಗಲೆಂದು 2009ರಲ್ಲಿ ತನಗೆ ತಾನೇ ವಿಧಿಸಿಕೊಂಡ ಈ ಕಟ್ಟಳೆಯು ‘ಇಂಕ್ಟೋಬರ್’ ಎಂಬ ಹೆಸರಿನಿಂದ ದೇಶದೇಶಗಳಿಗೆ ಹಬ್ಬಿ, ಮೈಸೂರಿನ ನಮ್ಮ ಬೀದಿಯ ಒಂದು ಜಗಲಿಯನ್ನೂ ತಲುಪಿತು. ಅಕ್ಟೋಬರಿನ 31 ದಿನಗಳಿಗೂ ಒಂದೊಂದು ಪದವನ್ನು ಸೂಚಿಸುವ ಪಟ್ಟಿ 2016ರಿಂದೀಚೆಗೆ ಬಳಕೆಗೆ ಬಂದಿದೆ. ದಿನವೂ ಬರೆಯಲಾರದವರು ದಿನ ಬಿಟ್ಟು ದಿನ, ಅದೂ ಆಗದವರು ವಾರಕ್ಕೊಮ್ಮೆ ಬರೆಯಬಹುದೆಂಬ ಅನುಕೂಲವೂ ಉಂಟು. ಯತಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ ಎಂದು ಜೈನಶಾಸ್ತ್ರಕಾರರು ಮಾಡಿದ ವಿಭಾಗವನ್ನು ಬಲ್ಲವರಿಗೆ ಈ ಔದಾರ್ಯವು ಹೊಸದೆನಿಸದು.

ಇದು ಕೈಯ ಸಾಮು, ಇದಕ್ಕೆ ವ್ರತವೆಂಬ ದೊಡ್ಡ ಮಾತೇಕೆ ಎಂದು ಆಕ್ಷೇಪಿಸುವವರಿಗೆ ನನ್ನ ಉತ್ತರ ಪತಂಜಲಿಯಿಂದ ಆರಂಭವಾಗುತ್ತದೆ. ಅಭ್ಯಾಸವು ದೃಢವಾಗಬೇಕಾದರೆ ಅದು ಬಹುಕಾಲ ನಡೆಯಬೇಕು, ನಡುವೆ ಕಡಿಯದೆ ನಡೆಯಬೇಕು, ಆದರಪೂರ್ವಕವಾಗಿ ನಡೆಯಬೇಕು ಎಂಬುದು ಯೋಗಸೂತ್ರಕಾರನ ಅಭಿಪ್ರಾಯ. ಮೊದಲಿನೆರಡು ಗರಡಿಯಲ್ಲಿಯೂ ದೊರಕುತ್ತವೆ. ಮೂರನೆಯದಾದ ಆದರವು ಎಲ್ಲಿಂದ ಬರುತ್ತದೆ ಎಂಬುದೇ ವಿಚಾರಾರ್ಹವಾದ ಸಂಗತಿ.

ನನಗೆ ತೋರುವ ಮಟ್ಟಿಗೆ, ಅರ್ಧಪಾಲು ಅದು ಮಸಿಯಿಂದಲೇ ಬರುತ್ತದೆ. ದೀಪದ ಕುಡಿಯಿಂದೇಳುವ ಕಾಡಿಗೆಯನ್ನು ಅಂಟಿನೊಡನೆ ಅರೆದು ಮಾಡಿದ ಕಪ್ಪು ಕೇವಲ ಇಂಗಾಲವಾದುದರಿಂದ ಬೆಳಕಿಗೆ ಬಣ್ಣಗೆಡದು. ಅರಗು ಬೆರೆತ ಅಂಗಡಿಯ ಇಂಡಿಯನ್ ಇಂಕಾದರೆ, ಒಣಗಿದ ಮೇಲೆ ನೀರಿಗೂ ಕರಗದು. ನಮ್ಮ ಹಿರಿಯರು ಓಲೆಗರಿಯ ಮೇಲೆ ಕಂಟದಿಂದ ಕೊರೆದು ಬಳಿಕ ಮಸಿ ತೊಡೆದು ಅಕ್ಷರ ಮೂಡಿಸುತ್ತಿದ್ದ ಕಾಲದಲ್ಲಿಯೂ ಕೊರೆದದ್ದು ಕೊರೆದದ್ದೇ ಆಗಿತ್ತು. ನಮ್ಮ ಬಳಗದಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದರು; ಕಾಯಿಲೆಯೊಂದರ ತರುವಾಯ ಅವರ ಬಲಗೈ ನಡುಗುತ್ತಿತ್ತು. ಅವರು ತಾಮ್ರದ ಚೊಂಬೊಂದನ್ನು ಬರೆಯುವಾಗ ನಾನು ಪಕ್ಕದಲ್ಲಿ ಕುಳಿತು ನೋಡಿದೆ. ನಿಬ್ಬನ್ನು ಮಸಿಯಲ್ಲಿ ಅದ್ದಿ, ಕುಪ್ಪಿಯ ಅಂಚಿಗೆ ಒಮ್ಮೆ ಒರೆಸಿ, ಚೊಂಬಿನ ಬಾಯಿಯ ಸುತ್ತನ್ನು ಆರಂಭಿಸಿದರು. ಗೆರೆಯು ಎಡದಿಂದ ಹೊರಟು ಬಲಕ್ಕೆ ಬಾಗುವಷ್ಟರಲ್ಲಿ ಎರಡು ಮೂರು ಕಡೆ ತೊನೆಯಿತು. ಒಂದೆಡೆ ನಿಬ್ಬು ಕಾಗದದ ನಾರಿಗೆ ಸಿಕ್ಕಿ ಸಣ್ಣ ತುಂತುರು ಸಿಡಿಯಿತು. ಅವರು ನಿಲ್ಲಿಸಲಿಲ್ಲ, ಮೇಲೆ ಮತ್ತೊಂದು ಗೆರೆ ಎಳೆದು ಮುಚ್ಚಲೂ ಇಲ್ಲ. ಅದೇ ತೊನೆಯುವ ಗೆರೆಯಿಂದಲೇ ಕಂಠಕ್ಕಿಳಿದು, ಹೊಟ್ಟೆಯನ್ನು ಸುತ್ತಿ, ತಳವನ್ನು ಮುಟ್ಟಿದರು. ಹಾಳೆಯ ಮೇಲೆ ಮೂಡಿದ್ದು ಹಲವು ವರುಷ ಬಾವಿಕಟ್ಟೆಯ ಕಲ್ಲಿಗೆ ತಾಗಿ ತಾಗಿ ನೆಗ್ಗಿದ ಚೊಂಬು. ಸಿಡಿದ ತುಂತುರು ಅದರ ಮೇಲಣ ನೀರಿನ ಹನಿಯಾಗಿತ್ತು.

ಕರ್ಮಸಿದ್ಧಾಂತವನ್ನು ನಾನು ಓದಿದ್ದೆನಾದರೂ ಅದರ ಕೆಲಸವನ್ನು ಅಷ್ಟು ಸಮೀಪದಿಂದ ಕಂಡದ್ದು ಅಂದೇ. ಆದುದನ್ನು ಅಳಿಸಲು ಯಾರಿಗೂ ಸಾಧ್ಯವಿಲ್ಲ. ಆದೊಡೆ ಆದುದನ್ನು ಒಳಗೊಂಡು ಮುಂದಿನ ಗೆರೆಯನ್ನು ಎತ್ತ ಕೊಂಡೊಯ್ಯಬೇಕೆಂಬ ಸ್ವಾತಂತ್ರ್ಯ ಪ್ರತಿಯೊಬ್ಬನಿಗೂ ಉಂಟು. ಪ್ರಾರಬ್ಧಕ್ಕೂ ಪುರುಷಪ್ರಯತ್ನಕ್ಕೂ ನಡುವೆ ವಿರೋಧವನ್ನು ಕಲ್ಪಿಸಿ ವಾದಿಸುವವರು ಈ ಚೊಂಬಿನ ಮುಂದೆ ಒಂದು ಗಳಿಗೆ ಕುಳಿತರೆ ಒಳ್ಳೆಯದು. ಸೀಸದ ಕಡ್ಡಿಯಲ್ಲಿ ಬರೆದು ರಬ್ಬರಿನಿಂದ ತಿದ್ದುವವನಿಗೆ ಈ ವಿವೇಕ ದೊರೆಯದೆಂದು ನಾನು ಹೇಳುವುದಿಲ್ಲ. ಅವನಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಚಿತ್ರವನ್ನು ನಿತ್ಯಕರ್ಮವೆಂದು ಆಚರಿಸಿದ ದೊಡ್ಡ ನಿದರ್ಶನವೊಂದು ಜಪಾನಿನಲ್ಲಿದೆ. ಹೊಕುಸಾಯಿ ಎಂಬತ್ತನ್ನು ದಾಟಿದ ಮೇಲೆ, 1842–43ರಲ್ಲಿ, ದಿನದಿನವೂ ಒಂದು ಸಿಂಹವನ್ನೋ ಸಿಂಹನರ್ತಕನನ್ನೋ ಮಸಿಯಲ್ಲಿ ಬರೆಯುತ್ತಿದ್ದನು. ಅದು ಅನಿಷ್ಟವನ್ನು ದೂರವಿಡಲೆಂದು ಅವನು ಮಾಡುತ್ತಿದ್ದ ರಕ್ಷೆ. ಅಂತಹ ಹಾಳೆಗಳು ಇನ್ನೂರಕ್ಕೂ ಮಿಕ್ಕು ಉಳಿದುಬಂದಿವೆ. ಕುಂಚದ ವಿದ್ಯೆಯಲ್ಲಿ ಕಲಿಯಬೇಕಾದುದು ಆ ವೃದ್ಧನಿಗೆ ಏನಿತ್ತು? ಕೈ ಪಳಗುವುದಕ್ಕಾಗಿ ಅವನು ಬರೆಯಲಿಲ್ಲವೆಂಬುದು ನಿಶ್ಚಯ. ಸ್ನಾನ ಸಂಧ್ಯೆಗಳು ನಮ್ಮವರಿಗೆ ಹೇಗೋ ಅವನಿಗೆ ಆ ಸಿಂಹವು ಹಾಗೆ ದಿನದ ಬಾಗಿಲಾಗಿತ್ತು.

ಆದರೆ ಹೊಕುಸಾಯಿ ಒಬ್ಬನೇ ಕುಳಿತು ಬರೆದವನು. ನಾವು ಹಲವರು ಕೂಡಿ ಬರೆದೆವು, ಬರೆದುದನ್ನು ಸಂಜೆಸಂಜೆಗೂ ಒಬ್ಬರಿಗೊಬ್ಬರು ತೋರಿಸಿದೆವು. ಇಲ್ಲಿಯೇ ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ಸತ್ಕಾರಕ್ಕಾಗಿ, ಮಾನಪೂಜೆಗಳಿಗಾಗಿ, ತೋರಿಕೆಗಾಗಿ ಮಾಡುವ ತಪಸ್ಸು ರಾಜಸವಾದುದು, ಅಸ್ಥಿರವಾದುದು ಎಂದು ಗೀತೆಯ ಹದಿನೇಳನೆಯ ಅಧ್ಯಾಯ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಹಗುರಾಗಿ ಕಾಣುವುದು ತರವಲ್ಲ. ಹೊಗಳಿಕೆ ಬಂದ ಮರುದಿನ ಮತ್ತದೇ ಹೊಗಳಿಕೆಯನ್ನು ನಿರೀಕ್ಷಿಸಿ ಬರೆಯುವ ಕೈಯು ಪರಾಧೀನವಾದ ಕೈ. ಹಾಗಿದ್ದರೂ ಪ್ರೇಕ್ಷಕನ ಕಣ್ಣು ಬೇರೆ, ಸಹವ್ರತಿಯ ಕಣ್ಣು ಬೇರೆ ಎಂದು ನಾನು ದೃಢವಾಗಿ ನಂಬುತ್ತೇನೆ. ಪ್ರೇಕ್ಷಕನಿಗೆ ಚಿತ್ರ ಮಾತ್ರ ಕಾಣುತ್ತದೆ. ಸಹವ್ರತಿಯ ಮುಂದೆ ಅವನದೇ ಬರಿಯ ಹಾಳೆಯೊಂದು ಕಾದಿರುವುದರಿಂದ, ಇನ್ನೊಬ್ಬರ ಚಿತ್ರದಲ್ಲಿ ಅವನು ಆ ದಿನದ ಆಯಾಸವನ್ನೂ, ಮನೆಯ ಕೆಲಸ ಮುಗಿಸಿ ಕದ್ದ ಅರ್ಧಗಂಟೆಯನ್ನೂ ಓದಬಲ್ಲನು. ಪಂಢರಪುರಕ್ಕೆ ನಡೆಯುವ ದಿಂಡಿಯಲ್ಲಿ ಕಾಲು ಬಳಲಿದವನನ್ನು ಪಕ್ಕದವನು ನೋಡುವ ನೋಟವೂ ಅಂತಹುದೇ. ಅದರಲ್ಲಿ ಹೊಗಳಿಕೆಯಿಲ್ಲ, ತೀರ್ಪಿಲ್ಲ. ನಡೆಯುವ ದಾರಿ ಇಬ್ಬರಿಗೂ ಒಂದೇ ಎಂಬ ಅರಿವಿದೆ.

ಈ ಭೇದವು ಕೇವಲ ನನ್ನ ಊಹೆಯಲ್ಲವೆಂಬುದಕ್ಕೆ ತಿಂಗಳ ನಡುವೆ ಒಂದು ಪ್ರಮಾಣ ಒದಗಿತು. ನಮ್ಮಲ್ಲಿ ಗೃಹಿಣಿಯೊಬ್ಬರ ಅತ್ತೆ ತೀರಿಕೊಂಡರು. ಕ್ರಿಯಾಕರ್ಮಗಳು ಮುಗಿಯುವ ತನಕ ಅವರು ಬರಲಿಲ್ಲ, ಬರೆಯಲೂ ಇಲ್ಲ. ಆ ದಿನಗಳಲ್ಲಿ ನಮ್ಮೆಲ್ಲರಿಗಿಂತ ಕಿರಿಯಳಾದ ಕಾಲೇಜಿನ ಹುಡುಗಿ, ಯಾರಿಗೂ ಹೇಳದೆ, ದಿನಕ್ಕೆ ಎರಡೆರಡು ಚಿತ್ರಗಳನ್ನು ಬರೆದಳು. ಕೇಳಿದಾಗ, “ಒಂದು ನಂದು, ಇನ್ನೊಂದು ಅಕ್ಕಂದು. ಅಕ್ಕನ ದಿನ ತಪ್ಪಬಾರದಲ್ವಾ?” ಎಂದಳು.

ಕೌಶಲವೇ ನಮ್ಮ ಗುರಿಯಾಗಿದ್ದರೆ ಈ ಮಾತಿಗೆ ಅರ್ಥವೇ ಇಲ್ಲ. ಒಬ್ಬರ ಕೈ ಪಳಗಲೆಂದು ಇನ್ನೊಬ್ಬರು ಬರೆಯುವುದೆಂತು? ವ್ರತವಾಗಿದ್ದರೆ ಮಾತ್ರ ಅದು ಸಾರ್ಥಕ. ಧರ್ಮಶಾಸ್ತ್ರವು ಈ ಸಂದರ್ಭವನ್ನು ಬಹುಹಿಂದೆಯೇ ಪರ್ಯಾಲೋಚಿಸಿದೆ: ಆರಂಭಿಸಿದ ವ್ರತಕ್ಕೆ ಆಶೌಚವು ತಡೆಯಾಗದೆಂದೂ, ತಾನು ಮಾಡಲಾರದವನಿಗಾಗಿ ಪತಿಪತ್ನಿಯರೋ ಮಗನೋ ಪ್ರತಿನಿಧಿಯಾಗಿ ಮಾಡಬಹುದೆಂದೂ ನಿಬಂಧಕಾರರು ಒಪ್ಪಿದ್ದಾರೆ. ನಮ್ಮ ನಾಡಿನ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿಯ ಮೇಲೆ ದುಡಿದ ಕೈಗಳು ಯಾರವೋ, ಶಾಸ್ತ್ರದಾನದ ಪುಣ್ಯ ಆಕೆಯದೆಂದು ಇಂದಿಗೂ ಲೋಕ ಹೇಳುತ್ತದೆ. ಆದರೆ ಅತ್ತಿಮಬ್ಬೆ ಬರೆಯಿಸಿದಳು. ಈ ಗೃಹಿಣಿ ಯಾರನ್ನೂ ಕೇಳಿಕೊಂಡಿರಲಿಲ್ಲ. ಕೇಳದೆಯೇ ಒಬ್ಬರ ಸಂಕಲ್ಪವನ್ನು ಇನ್ನೊಬ್ಬರು ಹೊರುವುದಕ್ಕೆ ಪ್ರತಿನಿಧಿಯೆಂಬ ಪದವೂ ಸಾಲದೆಂದು ನನಗೆ ತೋರುತ್ತದೆ. ದೇವತೆಯ ಹೆಸರನ್ನೆತ್ತದ ಆ ನಿಯಮಕ್ಕೆ ವ್ರತದ ಪದವಿ ಬಂದದ್ದು ಆ ಹುಡುಗಿಯ ಎರಡನೆಯ ಹಾಳೆಯಿಂದ. ಅಷ್ಟರ ವರೆಗೆ ನಾವು ಮಾಡುತ್ತಿದ್ದುದು ಒಳ್ಳೆಯ ಅಭ್ಯಾಸ.

ವೈಕುಂಠ ಸಮಾರಾಧನೆ ಕಳೆದು ಆಕೆ ಹಿಂದಿರುಗಿದಾಗ ಹುಡುಗಿ ಆ ಹಾಳೆಗಳನ್ನು ಅವರ ಕೈಗಿತ್ತಳು. ಅವರು ಒಂದೊಂದನ್ನೂ ನೋಡಿ, ತಮ್ಮ ಚಿತ್ರಗಳ ನಡುವೆ ತಾರೀಖಿನ ಕ್ರಮದಲ್ಲಿಯೇ ಸೇರಿಸಿಟ್ಟುಕೊಂಡರು. ಕೆಳಗೆ ಯಾರ ರುಜು ಇರಬೇಕೆಂಬ ವಿಷಯದಲ್ಲಿ ಮಾತ್ರ ಅವರಿಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ. ಇವರು ಅವಳದೆನ್ನುತ್ತಾರೆ, ಅವಳು ಇವರದೆನ್ನುತ್ತಾಳೆ.